ಬೆಳ್ಳಗಾದ ಶ್ವಾಸಕೋಶ, ವೆಂಟಿಲೇಟರಿನ ಲೆಕ್ಕ

ಪ್ರಶ್ನೆ: ನ್ಯುಮೋನಿಯಾ ಜೋರಾಗಿ ಅಪ್ಪ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ‘ಎಆರ್‌ಡಿಎಸ್ ಆಗಿದೆ’ ಎಂದು ಡಾಕ್ಟರು ಹೇಳಿದರು. ದಿನಕ್ಕೆ 16 ಗಂಟೆ ಬೋರಲು ಮಲಗಿಸುತ್ತಿದ್ದಾರೆ. ಎತ್ತರ 165 ಸೆಂ.ಮೀ., ತೂಕ 82 ಕೆ.ಜಿ. ಇರುವವರಿಗೆ ಉಸಿರಿಗೆ ಬರೀ 370 ಮಿ.ಲೀ. ಗಾಳಿ ಸಾಕೇ?
– ಓದುಗರು, ಹಾಸನ

ಉತ್ತರ: ಸಾಕು. ಎಆರ್‌ಡಿಎಸ್ ಎಂದರೆ ಶ್ವಾಸಕೋಶ ಊದಿ, ನೀರು ತುಂಬಿ, ರಕ್ತಕ್ಕೆ ಆಮ್ಲಜನಕ ಸಾಲದಾಗುವ ಸ್ಥಿತಿ. ಈ ಕಾಯಿಲೆಯಲ್ಲಿ ಹೆಚ್ಚು ಗಾಳಿಯೇ ಪೆಟ್ಟು ಕೊಡುತ್ತದೆ. ಎಕ್ಸ್-ರೇಯಲ್ಲಿ ಎರಡೂ ಕಡೆ ಬೆಳ್ಳಗೆ ಕಾಣುವುದರಿಂದ ಶ್ವಾಸಕೋಶವಿಡೀ ಒಂದೇ ರೀತಿ ಕೆಟ್ಟಿದೆ ಎಂದು ಮೊದಲು ನಂಬಿದ್ದರು. 1980ರ ದಶಕದಲ್ಲಿ ಇಟಲಿಯ ಗ್ಯಾಟಿನೋನಿ ಮತ್ತು ಸಂಗಡಿಗರು ಸಿ.ಟಿ. ತೆಗೆದು ನೋಡಿದಾಗ ಬೇರೆಯದೇ ಕಂಡಿತು. ಅಂಗಾತ ಮಲಗಿದವರಲ್ಲಿ ಬೆನ್ನಿನ ಕಡೆಯ ಭಾಗ ನೀರು ತುಂಬಿ, ಮೇಲಿನ ಭಾರಕ್ಕೆ ಅಮುಕಿಹೋಗಿರುತ್ತದೆ. ಎದೆಯ ಕಡೆಯದು ತೆರೆದೇ ಇರುತ್ತದೆ. ತೀವ್ರ ರೋಗದಲ್ಲಿ ಗಾಳಿಯಾಡುವ ಭಾಗ ಐದಾರು ವರ್ಷದ ಮಗುವಿನ ಶ್ವಾಸಕೋಶದಷ್ಟೇ ಉಳಿಯಬಹುದು. ದೊಡ್ಡವರ ಉಸಿರನ್ನೆಲ್ಲ ಅದಕ್ಕೇ ತುಂಬಿದರೆ ಆ ಒಳ್ಳೆಯ ಭಾಗವೂ ಹಿಗ್ಗಿ ಹಾಳಾಗುತ್ತದೆ.

ಆದ್ದರಿಂದ ಲೆಕ್ಕ ಹಿಡಿಯುವುದು ಎತ್ತರದಿಂದ. ಮೈ ದಪ್ಪವಾದರೂ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಗಂಡಸರಿಗೆ, ಸೆಂ.ಮೀ.ನಲ್ಲಿರುವ ಎತ್ತರದಿಂದ 152.4 ಕಳೆದು, 0.91ರಿಂದ ಗುಣಿಸಿ, 50 ಕೂಡಿಸಬೇಕು, ಹೆಂಗಸರಿಗೆ 45.5 ಕೂಡಿಸಬೇಕು. ನಿಮ್ಮ ತಂದೆಗೆ ಎತ್ತರಕ್ಕೆ ತಕ್ಕ ತೂಕ ಸುಮಾರು 61.5 ಕೆ.ಜಿ. ಬರುತ್ತದೆ; ಕೆ.ಜಿ.ಗೆ 6 ಮಿ.ಲೀ.ನಂತೆ 369 ಮಿ.ಲೀ. ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ 12 ಮಿ.ಲೀ. ಬದಲು 6 ಮಿ.ಲೀ. ಕೊಟ್ಟಾಗ ಸಾವು ನೂರಕ್ಕೆ 40ರಿಂದ 31ಕ್ಕೆ ಇಳಿಯಿತು.

ಬೋರಲು ಮಲಗಿಸಿದಾಗ ಬೆನ್ನಿನ ಕಡೆಯ ಭಾಗದ ಮೇಲಿದ್ದ ಹೃದಯದ ಭಾರ ತಪ್ಪಿ ಅದು ತೆರೆದುಕೊಳ್ಳುತ್ತದೆ. ಆಮ್ಲಜನಕ ತೀರಾ ಕಡಿಮೆಯಿದ್ದವರಲ್ಲಿ ಇದು ಜೀವ ಉಳಿಸುತ್ತದೆಂದು 2013ರ ಪ್ರೊಸೀವಾ ಪ್ರಯೋಗ ತೋರಿಸಿತು. ಮುಖ, ಎದೆಯ ಮೇಲೆ ಒತ್ತಡದ ಹುಣ್ಣಾಗದಂತೆ ನೋಡಿಕೊಳ್ಳುತ್ತಾರೆ. ಮುಖ ಊದಿಕೊಂಡರೆ ಗಾಬರಿಯಾಗಬೇಡಿ.

ಪ್ರಶ್ನೆ: ನಮ್ಮ ಆಸ್ಪತ್ರೆಯಲ್ಲಿ ಸಿ.ಟಿ. ಬೇರೆ ಕಟ್ಟಡದಲ್ಲಿದೆ. ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್ ನೋಡಿ ಪೀಪ್ ಹೊಂದಿಸಬಹುದೇ?
– ಕಿರಿಯ ವೈದ್ಯೆ, ಜಿಲ್ಲಾ ಆಸ್ಪತ್ರೆ

ಉತ್ತರ: ಅರ್ಧ ಕೆಲಸ ಆಗುತ್ತದೆ. ಪೀಪ್ ಎಂದರೆ ಉಸಿರು ಬಿಟ್ಟ ಮೇಲೂ ಒಳಗೆ ಉಳಿಸುವ ಒತ್ತಡ; ಅದರಿಂದ ಏನು ತೆರೆಯಿತೆಂದು ಅಲ್ಟ್ರಾಸೌಂಡ್ ಹೇಳುತ್ತದೆ, ಏನು ಅತಿಯಾಗಿ ಹಿಗ್ಗಿತೆಂದು ಹೇಳುವುದಿಲ್ಲ.

ಒಂದೊಂದು ಬದಿಯಲ್ಲಿ ಮುಂದೆ, ಪಕ್ಕ, ಹಿಂದೆ, ಮೇಲೆ-ಕೆಳಗೆ ಎಂದು ಆರರಂತೆ ಹನ್ನೆರಡು ಜಾಗ ನೋಡಿ. ಮಾಮೂಲಿ ಇದ್ದರೆ 0, ಮೂರಕ್ಕಿಂತ ಕಡಿಮೆಯಿಲ್ಲದ ಬಿಡಿಬಿಡಿ ಬಿ ಗೆರೆಗಳಿದ್ದರೆ (ಶ್ವಾಸಕೋಶದಲ್ಲಿ ನೀರಿನಂಶ ಹೆಚ್ಚಿದಾಗ ಅದರ ಅಂಚಿನಿಂದ ಕೆಳಗಿಳಿದಂತೆ ಕಾಣುವ ಬಿಳಿ ಗೆರೆಗಳು) 1, ಅವು ಕೂಡಿಕೊಂಡಿದ್ದರೆ 2, ಶ್ವಾಸಕೋಶ ಪಿತ್ತಜನಕಾಂಗದಂತೆ ಗಟ್ಟಿಯಾಗಿ ಕಂಡರೆ 3, ಒಟ್ಟು 36. ಹೆಚ್ಚಿನವರು ತಪ್ಪುವುದು ಬೆನ್ನಿನ ಕಡೆ. ರೋಗಿಯನ್ನು ಸ್ವಲ್ಪ ಹೊರಳಿಸದೆ ಅಲ್ಲಿಗೆ ಪ್ರೋಬ್ ಹೋಗದು. ಮುಂದೆ ಮಾತ್ರ ನೋಡಿದರೆ ರೋಗವೇ ಕಾಣದೆ ಹೋಗಬಹುದು.

ಮುಂದೆ ಚೆನ್ನಾಗಿದ್ದು ಹಿಂದೆ ಮಾತ್ರ ಗಟ್ಟಿಯಾಗಿದ್ದರೆ, ಪೀಪ್ ಏರಿಸಿದಷ್ಟೂ ಮುಂದಿನ ಒಳ್ಳೆಯ ಭಾಗ ಹಿಗ್ಗುತ್ತದೆ. ಅಂಥವರಿಗೆ ಬೋರಲು ಮಲಗಿಸುವುದೇ ಒಳ್ಳೆಯದು. ಎಲ್ಲೆಡೆ ಬಿ ಗೆರೆಗಳಿದ್ದರೆ ಪೀಪ್ ಏರಿಸಿ ನೋಡಬಹುದು. ಹತ್ತು ನಿಮಿಷ ಬಿಟ್ಟು ಅದೇ ಜಾಗಗಳನ್ನು ಮತ್ತೆ ನೋಡಿ, ಉಸಿರೆಳೆದ ಕೊನೆಗೆ ಅರ್ಧ ಸೆಕೆಂಡ್ ತಡೆದು ಪ್ಲೇಟೊ ಒತ್ತಡ ಅಳೆಯಿರಿ. ಅದು ನೀರಿನ 30 ಸೆಂ.ಮೀ. ಒತ್ತಡ ದಾಟಬಾರದು, ಪೀಪ್ ಕಳೆದರೆ ಉಳಿಯುವುದು 15ರೊಳಗಿರಲಿ. ಅಂಕ ಇಳಿದರೂ ಈ ವ್ಯತ್ಯಾಸ ಏರಿದರೆ, ರಕ್ತದೊತ್ತಡ ಕುಸಿದರೆ, ಪೀಪ್ ಹಿಂದಕ್ಕೆ ತನ್ನಿ.

ಚಿತ್ರವೊಂದನ್ನೇ ನೆಚ್ಚಬೇಡಿ ಎನ್ನಲು ಕಾರಣವಿದೆ. ಫ್ರಾನ್ಸಿನ ಲೈವ್ ಪ್ರಯೋಗದಲ್ಲಿ (2019) ಚಿತ್ರದ ಪ್ರಕಾರ ಚಿಕಿತ್ಸೆ ಬದಲಿಸಿದರೂ ಒಟ್ಟಾರೆ ಸಾವು ಕಡಿಮೆಯಾಗಲಿಲ್ಲ. ಸುಮಾರು ಐದರಲ್ಲೊಬ್ಬರ ಚಿತ್ರವನ್ನು ತಪ್ಪಾಗಿ ಓದಲಾಗಿತ್ತು. ಹಾಗೆ ತಪ್ಪು ಗುಂಪಿಗೆ ಸೇರಿ ಆ ಚಿಕಿತ್ಸೆ ಪಡೆದವರಲ್ಲಿ ಸಾವು ಹೆಚ್ಚಿತ್ತು.

ಸಿ.ಟಿ.ಗೆ ಒಯ್ಯಲೇಬೇಕಾದರೆ, ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ 1,500 ಲೀಟರ್ ಎಂದು ಹಿಡಿದು, ಬೇಕಾದ ಹೊತ್ತಿನ ಎರಡರಷ್ಟಕ್ಕೆ ಆಮ್ಲಜನಕ ಇಟ್ಟುಕೊಳ್ಳಿ. ಯಂತ್ರ ಬದಲಿಸುವಾಗ ಟ್ಯೂಬಿಗೆ ಕ್ಲ್ಯಾಂಪ್ ಹಾಕದೆ ಬಿಚ್ಚಿದರೆ ಪೀಪ್ ಹೋಗಿ, ಗಂಟೆಗಟ್ಟಲೆ ತೆರೆದಿಟ್ಟದ್ದು ಕ್ಷಣದಲ್ಲಿ ಮುಚ್ಚಿಕೊಳ್ಳುತ್ತದೆ. ಚಿತ್ರ ತೆಗೆದಾಗ ಪೀಪ್ ಎಷ್ಟಿತ್ತೆಂದು ಅರ್ಜಿಯಲ್ಲೇ ಬರೆದಿಡಿ: 5ರಲ್ಲಿ ತೆಗೆದದ್ದೂ 15ರಲ್ಲಿ ತೆಗೆದದ್ದೂ ಒಂದೇ ಶ್ವಾಸಕೋಶದಂತೆ ಕಾಣುವುದಿಲ್ಲ.