ಮಲಕ್ಕಾ ಮುಚ್ಚುವುದು ಅಷ್ಟು ಸಲೀಸೇ?

ಪ್ರಶ್ನೆ: ಯುದ್ಧವಾದರೆ ಮಲಕ್ಕಾ ಜಲಸಂಧಿಯ ನಲ್ಲಿ ತಿರುಗಿಸಿದರೆ ಸಾಕು, ಎಣ್ಣೆಯಿಲ್ಲದೆ ಚೀನಾ ಮಂಡಿಯೂರುತ್ತದೆ ಎಂದು ಟೀವಿಯಲ್ಲಿ ಒಬ್ಬರು ಹೇಳುತ್ತಿದ್ದರು. ಹೌದೇ? ನಿಕೋಬಾರಿಗೆ ಸುರಿಯುತ್ತಿರುವ ದುಡ್ಡೆಲ್ಲ ಇದಕ್ಕೇನಾ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಚೀನಾಕ್ಕೆ ಆ ಭಯ ಇರುವುದು ನಿಜ. ಪಶ್ಚಿಮದಿಂದ ಹಡಗಿನಲ್ಲಿ ಅದಕ್ಕೆ ಬರುವ ಎಣ್ಣೆ ಬಹುಪಾಲು ಸಾಗುವುದು ಮಲೇಷ್ಯಾಕ್ಕೂ ಸುಮಾತ್ರಾಕ್ಕೂ ನಡುವಿನ ಈ ಜಲಸಂಧಿಯಲ್ಲೇ. 2003ರಲ್ಲಿ ಆಗಿನ ಅಧ್ಯಕ್ಷ ಹು ಜಿಂಟಾವೊ ಆ ಭಯದ ಮಾತೆತ್ತಿದ ಮೇಲೆಯೇ ‘ಮಲಕ್ಕಾ ಸಂಕಟ’ ಎಂಬ ಮಾತು ಚಾಲ್ತಿಗೆ ಬಂದದ್ದು. ಮಲಕ್ಕಾ ತಪ್ಪಿಸಲೆಂದು ಮ್ಯಾನ್ಮಾರ್ ಕರಾವಳಿಯಿಂದ ಚೀನಾದ ಯುನ್ನಾನ್ ಪ್ರಾಂತ್ಯಕ್ಕೆ ಹಾಕಿದ ಕೊಳವೆಯಲ್ಲಿ 2017ರಿಂದ ಎಣ್ಣೆ ಹರಿಯುತ್ತಿದೆ. ಆದರೆ ಅದರ ಸಾಮರ್ಥ್ಯವೇ ವರ್ಷಕ್ಕೆ 2.2 ಕೋಟಿ ಟನ್. ಚೀನಾ ತರಿಸಿಕೊಳ್ಳುವುದು 50 ಕೋಟಿ ಟನ್ನಿಗೂ ಹೆಚ್ಚು. ಹಾಗಾಗಿ ಭಯ ಇನ್ನೂ ಹೋಗಿಲ್ಲ.

ಆದರೆ ತಿರುಗಿಸುವುದು ಹೇಗೆ? ಸಿಂಗಪುರದ ಬಳಿ ಆ ದಾರಿ ಮೂರು ಕಿಲೋಮೀಟರಿಗಿಂತ ಕಿರಿದು, ಸರಿ. ಎರಡೂ ದಡ ಮಾತ್ರ ಇಂಡೊನೇಷ್ಯಾ, ಮಲೇಷ್ಯಾ, ಸಿಂಗಪುರಗಳದ್ದು, ನಮ್ಮದಲ್ಲ. ನಾವು ಕಾಯಬಹುದಾದದ್ದು ಇತ್ತ, ಗ್ರೇಟ್ ನಿಕೋಬಾರಿಗೂ ಸುಮಾತ್ರಾಕ್ಕೂ ನಡುವಿನ ನೂರೈವತ್ತು ಕಿಲೋಮೀಟರಿನಷ್ಟು ಅಗಲದ ತೆರೆದ ಕಡಲನ್ನು. ಅಲ್ಲಿಗೆ ಒಂದು ಟ್ಯಾಂಕರ್ ಬಂತು ಎನ್ನಿ. ಬಾವುಟ ಪನಾಮಾದ್ದು, ಮಾಲೀಕ ಗ್ರೀಸಿನವ, ನಾವಿಕರು ಫಿಲಿಪ್ಪೀನ್ಸಿನವರು, ಒಳಗಿನದು ಸೌದಿಯ ಎಣ್ಣೆ. ಅದನ್ನು ಕೊಂಡವರು ಯಾರು? ಹಡಗು ನಡುಗಡಲಲ್ಲಿ ಇರುವಾಗಲೇ ಸರಕು ಕೈ ಬದಲಾಯಿಸುವುದುಂಟು. ಕೊರಿಯಾಕ್ಕೆ ಹೊರಟ ಹಡಗನ್ನು ತಡೆದರೆ ಸಿಟ್ಟಾಗುವವರು ಬೀಜಿಂಗಿನವರಲ್ಲ, ನಮ್ಮ ಗೆಳೆಯರು. ದಿನಕ್ಕೆ ನೂರಾರು ಹಡಗು ಸಾಗುವ ಕಡೆ ಒಂದೊಂದನ್ನೂ ಹತ್ತಿ ಕಾಗದ ನೋಡಬೇಕು. ಪೂರ್ವಕ್ಕೆ ಹೋಗುವ ನಮ್ಮದೇ ಸರಕಿನ ದಾರಿಯೂ ಅದೇ ಎನ್ನುವುದನ್ನು ಟೀವಿಯವರು ಹೇಳಲಿಲ್ಲವೇನೋ.

ಇಷ್ಟಾದ ಮೇಲೂ ಇಂಡೊನೇಷ್ಯಾದ ದ್ವೀಪಗಳ ನಡುವಿನ ಸುಂದಾ, ಲೊಂಬೊಕ್ ಜಲಸಂಧಿಗಳು ತೆರೆದೇ ಇರುತ್ತವೆ. ಕೆಲವು ದಿನ ತಡ, ಒಂದಷ್ಟು ಇಂಧನ ಹೆಚ್ಚು, ಅಷ್ಟೇ. ಹೀಗೆ ಸುತ್ತಿ ಹೋಗುವುದು ಹೊಸತೂ ಅಲ್ಲ. 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಗೋವೆಗೆ ನುಗ್ಗಿದ ಪೋರ್ಚುಗೀಸರ ಅಲ್ಬುಕರ್ಕ್, ಮರುವರ್ಷ ಮಲಕ್ಕಾವನ್ನೂ ಹಿಡಿದ. ಮೆಣಸಿನ ವ್ಯಾಪಾರವೆಲ್ಲ ಮುಷ್ಟಿಗೆ ಬಂತೆಂದುಕೊಂಡ. ಗುಜರಾತಿನ ವರ್ತಕರು ಮಾಡಿದ್ದೇನು? ಸುಮಾತ್ರಾದ ಉತ್ತರ ತುದಿಯ ಅಚೆ ರಾಜ್ಯಕ್ಕೆ ಹೋಗಿ, ಆ ದ್ವೀಪದ ಪಶ್ಚಿಮ ಕರಾವಳಿ ಹಿಡಿದು ವ್ಯಾಪಾರ ಮುಂದುವರಿಸಿದರು.

ತಡೆಯುವುದಕ್ಕಿಂತ ಹೆದರಿಸುವುದು ಅಗ್ಗ. ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ಯೆಮೆನ್‌ನ ಹೂತಿ ಬಂಡುಕೋರರು 2023ರ ಕೊನೆಯಿಂದ ಡ್ರೋನು, ಕ್ಷಿಪಣಿ ಹಾರಿಸಿ ಕೆಂಪು ಸಮುದ್ರದಲ್ಲಿ ಮಾಡಿದ್ದು ಅದನ್ನೇ. ವಿಮಾ ದರ ಏರಿತು, ದೊಡ್ಡ ಕಂಪನಿಗಳ ಹಡಗುಗಳು ತಾವಾಗಿಯೇ ಆಫ್ರಿಕಾ ಸುತ್ತಿ ಹೋದವು, ಸೂಯೆಜ್ ಸಂಚಾರ ಅರ್ಧಕ್ಕೂ ಕೆಳಗೆ ಇಳಿಯಿತು. ಅಮೆರಿಕದ ವಿಮಾನವಾಹಕ ನೌಕೆಗಳು ಅಲ್ಲೇ ಇದ್ದವು.

ಹಾಗಾದರೆ ನಿಕೋಬಾರ್ ದಂಡವೇ? ಅಲ್ಲ. ಗ್ರೇಟ್ ನಿಕೋಬಾರಿನ ಕ್ಯಾಂಪ್‌ಬೆಲ್ ಬೇಯ ‘ಐಎನ್‌ಎಸ್ ಬಾಜ್’ ನೆಲೆಯಿಂದ ಯಾವ ಯುದ್ಧನೌಕೆ ಹಿಂದೂ ಮಹಾಸಾಗರಕ್ಕೆ ಬಂತು, ಯಾವುದು ಹೋಯಿತು ಎಂದು ಕಣ್ಣಿಡಬಹುದು. ಶಾಂತಿಕಾಲದಲ್ಲೂ ಅದು ಬೇಕು. ಅದೇ ದ್ವೀಪದ ಗಲಾಥಿಯಾ ಕೊಲ್ಲಿಯ ಕಂಟೇನರ್ ಬಂದರಿನದು ಬೇರೆಯೇ ಲೆಕ್ಕ. ಕಡಲಾಮೆಗಳು ಮೊಟ್ಟೆಯಿಡುವ ತೀರದಲ್ಲಿ ಕಟ್ಟಹೊರಟಿರುವ ಅದನ್ನು ‘ಚೀನಾ’ ಎಂಬ ಒಂದೇ ಪದ ಹೇಳಿ ಪ್ರಶ್ನೆಯಿಂದ ಪಾರು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಎಣ್ಣೆಯ ಚಿಂತೆ ನಮಗೂ ಇದೆ. ನಿಮ್ಮೂರಿನಿಂದ ದೂರವೇನಲ್ಲದ ಪಾದೂರಿನಲ್ಲಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾತೈಲ ತುಂಬಿಡಲು ಜಾಗ ಮಾಡಿದ್ದು ಕೊಲ್ಲಿ ದೇಶಗಳ ಎಣ್ಣೆ ಹೊರಬರುವ ಹೊರ್ಮುಜ್ ಜಲಸಂಧಿಯನ್ನು ನೆನೆದು, ಮಲಕ್ಕಾವನ್ನಲ್ಲ.
– ಸಂಪಾದಕ