ಕುಶಾಲು ತೋಪು ಮತ್ತು ಬ್ರೂನೋ

ಪೊನ್ನಂಪೇಟೆ ಕಡೆಯ ಓದುಗರೊಬ್ಬರ ಪತ್ರ:

"ಮಗ ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಸಾಕಿದ್ದ ಲ್ಯಾಬ್ರಡಾರ್ ನಾಯಿಯನ್ನು ಕಳೆದ ವರ್ಷ ನಮ್ಮ ತೋಟದ ಮನೆಗೆ ತಂದುಬಿಟ್ಟ. ಹೆಸರು ಬ್ರೂನೋ, ಎರಡು ವರ್ಷ. ಈ ಸಲ ಕೈಲ್‌ಪೊಳ್ದ್ ಹಬ್ಬದ ಆಯುಧಪೂಜೆಯ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಚೈನು ಕಿತ್ತುಕೊಂಡು ಓಡಿಹೋದ. ಎರಡು ದಿನ ಬಿಟ್ಟು ಮೈತುಂಬ ಉಣ್ಣಿ, ಜಿಗಣೆ ಹತ್ತಿಸಿಕೊಂಡು ಬಂದ. ಯಜಮಾನರು ಸಿಟ್ಟಿನಲ್ಲಿ ಎರಡು ಬಾರಿಸಿದರು. ಈಗ ಕರೆದರೆ ಹತ್ತಿರ ಬರುವುದಿಲ್ಲ. ಕೊಡಗಿನ ಮನೆಯಲ್ಲಿ ಕೋವಿಗೆ ಹೆದರುವ ನಾಯಿ ಎಂದು ನೆಂಟರಿಗೆಲ್ಲ ನಗು. ಹಗಲೆಲ್ಲ ಕಟ್ಟಿಹಾಕಿ ರಾತ್ರಿ ತೋಟ ಕಾಯಲು ಬಿಟ್ಟರೆ ಸರಿಹೋಗುತ್ತಾನೆ ಎನ್ನುತ್ತಾರೆ ಯಜಮಾನರು. ಮುದ್ದು ಮಾಡಿದ್ದೇ ಕೆಟ್ಟಿತು ಎನ್ನುತ್ತಾರೆ ಅತ್ತೆ. ಸುಗ್ಗಿಯ ಹಬ್ಬ ಪುತ್ತರಿ ಬರುತ್ತಿದೆ, ಆಗ ಮತ್ತೆ ಗುಂಡು ಹಾರುತ್ತದೆ. ಏನು ಮಾಡಲಿ?"

ನಮಸ್ಕಾರ ಅಕ್ಕ,

ಚಿರತೆ ಓಡಾಡುವ ಕಡೆ ಎರಡು ರಾತ್ರಿ ಕಳೆದು, ಗುರುತಿಲ್ಲದ ತೋಟಗಳ ನಡುವೆ ದಾರಿ ಹುಡುಕಿಕೊಂಡು ಮನೆ ಸೇರಿದೆ ನಿಮ್ಮ ನಾಯಿ. ಅದನ್ನು ಹೇಡಿ ಎನ್ನುವ ನೆಂಟರನ್ನು ಒಂದು ರಾತ್ರಿ ಅದೇ ತೋಟದಲ್ಲಿ ಬಿಟ್ಟು ನೋಡಬೇಕು.

ಅವರ ನಗುವಿಗೂ ಒಂದು ಕಾರಣವಿದೆ, ಒಪ್ಪುತ್ತೇನೆ. ಲ್ಯಾಬ್ರಡಾರ್ ಎಂದರೆ ಬೇಟೆಗಾರರು ಹೊಡೆದುರುಳಿಸಿದ ಬಾತುಕೋಳಿಯನ್ನು ನೀರಿಗಿಳಿದು ಕಚ್ಚಿ ತರಲೆಂದು ಬ್ರಿಟನ್ನಿನಲ್ಲಿ ಬೆಳೆಸಿದ ತಳಿ. ಕೋವಿಯ ಜೊತೆಗೇ ಬದುಕಬೇಕಾದ ನಾಯಿ. ಆದರೆ ಅಲ್ಲಿಯೂ ಮರಿಯ ಕಿವಿಯ ಹತ್ತಿರ ಯಾರೂ ಗುಂಡು ಹಾರಿಸುವುದಿಲ್ಲ. ಬಹಳ ದೂರದಿಂದ ಶುರುಮಾಡಿ, ಸದ್ದನ್ನು ದಿನದಿನವೂ ಸ್ವಲ್ಪ ಹತ್ತಿರ ತರುತ್ತಾರೆ. ತಳಿ ಎಂಥದ್ದೇ ಆಗಲಿ, ಈ ಪಾಠ ತಪ್ಪಿದ್ದಲ್ಲ.

ನಾಯಿಮರಿಗೆ ಲೋಕದ ಪರಿಚಯವಾಗುವ ಕಾಲ ಬಹಳ ಚಿಕ್ಕದು. ಸುಮಾರು ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ. ಆಗ ಕಂಡಿದ್ದು, ಕೇಳಿದ್ದು, ಮೂಸಿದ್ದು ಎಲ್ಲ ಮನೆಯದೇ ಎಂದು ಮನಸ್ಸಿಗೆ ಇಳಿಯುತ್ತದೆ. ನಿಮ್ಮ ತೋಟದ ಕೆಲಸದವರ ಲೈನ್ ಮನೆಯ ನಾಯಿ ಕಣ್ಣು ಬಿಡುವ ಹೊತ್ತಿಗೇ ಮಂಗ ಓಡಿಸುವ ಪಟಾಕಿ, ಆನೆ ಓಡಿಸುವ ಗರ್ನಾಲು, ಮದುವೆ ಮನೆಯಲ್ಲಿ ಸಂಭ್ರಮಕ್ಕೆ ಹಾರಿಸುವ ಗುಂಡು, ಅಂದರೆ ಕುಶಾಲು ತೋಪು, ಎಲ್ಲವನ್ನೂ ಕೇಳಿರುತ್ತದೆ. ಬ್ರೂನೋಗೆ ಆ ವಯಸ್ಸಿನಲ್ಲಿ ಸಿಕ್ಕಿದ್ದು ಲಿಫ್ಟು, ಹಾರ್ನು, ಕುಕ್ಕರಿನ ಸೀಟಿ. ಸಾಲದ್ದಕ್ಕೆ, ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನದವರೆಗಿನ ಸದ್ದು ಹಿಡಿದರೆ ನಾಯಿಯದು ಸುಮಾರು 45,000ದವರೆಗೆ ಹೋಗುತ್ತದೆ. ಅಂಥ ಕಿವಿಯವನನ್ನು ಚೈನಿನಲ್ಲಿ ಕಟ್ಟಿ, ಮಗ್ಗುಲಲ್ಲೇ ಗುಂಡು ಹಾರಿಸಿದಿರಿ. ಓಡದೆ ಇನ್ನೇನು ಮಾಡಿಯಾನು?

ಅತ್ತೆಯವರ ಮಾತಿಗೆ ಬರುತ್ತೇನೆ. ಹಳಬರು ಹೀಗೆ ಹೇಳುವುದು ನಾನೂ ಕೇಳಿ ಬೆಳೆದದ್ದೇ. ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆಗೇ ಬಹುಮಾನ ಕೊಟ್ಟಂತೆ ಎನ್ನುವ ಲೆಕ್ಕ ಅದು. ಕೂರುವುದು, ಕೈ ಕೊಡುವುದು, ಮೈಮೇಲೆ ಹಾರುವುದು ನಾಯಿ ಬೇಕೆಂದು ಮಾಡುವ ಕೆಲಸಗಳು. ಅವಕ್ಕೆ ಬಹುಮಾನ ಸಿಕ್ಕರೆ ಇನ್ನಷ್ಟು ಮಾಡುತ್ತದೆ. ಹೆದರಿಕೆ ಮಾತ್ರ ಕೇಳಿ ಬರುವುದಿಲ್ಲ, ಬಹುಮಾನ ಕೊಟ್ಟರೆ ಹೆಚ್ಚುವುದೂ ಇಲ್ಲ. ಗುಡುಗಿಗೆ ಅಳುವ ಮೊಮ್ಮಗುವನ್ನು ಅತ್ತೆಯವರು ಮಡಿಲಿಗೆ ಎಳೆದುಕೊಳ್ಳುವುದಿಲ್ಲವೆ? ಬ್ರೂನೋ ಮಂಚದ ಕೆಳಗೆ ನುಗ್ಗಿದರೆ ಅಲ್ಲೇ ಇರಲಿ, ಹೊರಗೆ ಎಳೆಯಬೇಡಿ. ನಿಮ್ಮ ಹತ್ತಿರ ಬಂದು ಒರಗಿದರೆ ಬೆನ್ನ ಮೇಲೆ ಕೈ ಇಡಿ.

ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೆ ಮುಗಿಯಿತು. ಪುತ್ತರಿ ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುತ್ತದೆ. ಎರಡೂವರೆ ತಿಂಗಳು ಕೈಯಲ್ಲಿದೆ. ಒಂದು ಫೋನಿನಲ್ಲಿ ಗುಂಡಿನ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಕೋಳಿಯ ಮಾಂಸವನ್ನು ಚರ್ಮ ತೆಗೆದು, ಉಪ್ಪು, ಖಾರ ಏನೂ ಹಾಕದೆ ಬೇಯಿಸಿ ಕಡಲೆಕಾಳಿನಷ್ಟು ಚೂರು ಮಾಡಿಡಿ. ಈ ಚೂರು ಪಾಠದ ಹೊತ್ತಿನಲ್ಲಿ ಮಾತ್ರ, ಬೇರೆ ಯಾವಾಗಲೂ ಸಿಗಬಾರದು. ಫೋನಿನ ಸದ್ದನ್ನು ಪೂರಾ ತಗ್ಗಿಸಿ ಒಮ್ಮೆ ಕೇಳಿಸಿ. ಬ್ರೂನೋ ಕಿವಿ ತಿರುಗಿಸಬೇಕು, ಬಾಲ ಮುದುರಬಾರದು, ಅಷ್ಟೇ ಸದ್ದು. ಕೇಳಿದ ಕೂಡಲೆ ಒಂದು ಚೂರು ಬಾಯಿಗೆ. ಮೊದಲು ಸದ್ದು, ಆಮೇಲೆ ಮಾಂಸ. ಈ ಕ್ರಮ ತಿರುವುಮುರುವಾದರೆ ಮಾಂಸ ಕಂಡರೇ ಹೆದರುವ ನಾಯಿ ತಯಾರಾಗುತ್ತದೆ. ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಎರಡು ಸಲ. ಸದ್ದು ಕೇಳಿದಾಗ ಅವನು ಗಾಬರಿಯಾಗದೆ ನಿಮ್ಮ ಕೈ ನೋಡಲು ಶುರುಮಾಡಿದರೆ ಮಾತ್ರ ಒಂದು ಗೆರೆ ಏರಿಸಿ. ಮಾಂಸ ಮುಟ್ಟದೆ ಮುಖ ತಿರುಗಿಸಿದರೆ ನೀವು ಅವಸರ ಮಾಡಿದ್ದೀರಿ ಎಂದರ್ಥ. ಎರಡು ಗೆರೆ ಹಿಂದಕ್ಕೆ ಬನ್ನಿ.

ಫೋನಿನ ಸದ್ದಿಗೆ ಕೋವಿಯ ಹಾಗೆ ಎದೆಗೆ ಗುದ್ದುವ ಬಲವಿಲ್ಲ. ಅದಕ್ಕೆ ಊರೇ ಸಹಾಯಕ್ಕೆ ಬರುತ್ತದೆ. ಗದ್ದೆ ಹಣ್ಣಾಗುತ್ತ ಬಂದಂತೆ ನಿಮ್ಮ ಕಡೆ ಸಂಜೆಯಾದರೆ ಆನೆ ಓಡಿಸುವ ಪಟಾಕಿ ಎಲ್ಲೋ ದೂರದಲ್ಲಿ ಕೇಳುತ್ತಲೇ ಇರುತ್ತದೆ. ಸೆರಗಿನ ತುದಿಯಲ್ಲಿ ನಾಲ್ಕು ಚೂರು ಕಟ್ಟಿಕೊಂಡಿರಿ. ದೂರದಲ್ಲಿ ಢಂ ಎಂದಿತೋ, ನಗುನಗುತ್ತ ಬಾಯಿಗೆ ಹಾಕಿ. ನಗು ಯಾಕೆಂದರೆ, ನಿಮ್ಮ ಮುಖ ಗಾಬರಿಯಾಗಿದ್ದರೆ ಅವನು ಅದನ್ನೇ ಓದುತ್ತಾನೆ.

ಇಷ್ಟೆಲ್ಲ ಮಾಡಿಯೂ ಜೊಲ್ಲು ಸುರಿಸಿ ನಡುಗುವುದು, ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವುದು ನಿಲ್ಲದಿದ್ದರೆ ಪಶುವೈದ್ಯರನ್ನು ಕಾಣಿ. ಹಬ್ಬದ ರಾತ್ರಿಗೆಂದು ಭಯ ತಗ್ಗಿಸುವ ಮಾತ್ರೆಗಳಿವೆ. ಬರೀ ಮಂಪರು ಬರಿಸುವುದು ಬೇಡ ಎಂದು ಬಾಯಿಬಿಟ್ಟು ಹೇಳಿ. ಮೈ ಅಲುಗದೆ ಬಿದ್ದಿರುವ ನಾಯಿ ಒಳಗೊಳಗೆ ಅಷ್ಟೇ ಹೆದರಿರಬಹುದು. ನಮ್ಮ ಜ್ವರದ ಮಾತ್ರೆ, ನೋವಿನ ಮಾತ್ರೆಗಳನ್ನು ಮಾತ್ರ ಕೊಡಲೇಬೇಡಿ.

ಇನ್ನು ಕರೆದರೆ ಬಾರದ ಕಥೆ. ಇದರಲ್ಲಿ ನನ್ನದೂ ಒಂದು ಪಾಪವಿದೆ. ನಮ್ಮ ಮನೆಯಲ್ಲಿ ರಾಣಿ ಎಂಬ ಊರ ನಾಯಿ ಇತ್ತು. ಒಮ್ಮೆ ರಾತ್ರಿಯಿಡೀ ಎಲ್ಲೋ ಅಲೆದು ಬೆಳಿಗ್ಗೆ ಬಂತು. ಹೆಸರು ಹಿಡಿದು ಕರೆದೆ, ಬಾಲ ಅಲ್ಲಾಡಿಸುತ್ತ ಹತ್ತಿರ ಬಂದಿತು, ಕಾಫಿ ಗಿಡದ ಬರಲು ತೆಗೆದು ಬಾರಿಸಿದೆ. ರಾತ್ರಿ ಅಲೆದಿದ್ದಕ್ಕೆ ಏಟು ಎಂದು ನನ್ನ ಲೆಕ್ಕ. ಕರೆದಾಗ ಬಂದಿದ್ದಕ್ಕೆ ಏಟು ಎಂದು ಅದರ ಲೆಕ್ಕ. ನಾಯಿಗೆ ಏಟಿಗೂ ಕೆಲಸಕ್ಕೂ ನಂಟು ಕಾಣುವುದು ಒಂದೆರಡು ಸೆಕೆಂಡಿನೊಳಗೆ ಮಾತ್ರ. ಆಮೇಲೆ ವರ್ಷವಾದರೂ ರಾಣಿ ನಾನು ಕರೆದರೆ ಎರಡು ಮಾರು ದೂರ ನಿಂತು ನನ್ನ ಕೈ ನೋಡುತ್ತಿತ್ತು.

ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿದರೆ ತಿಳಿಯುತ್ತದೆ ಎಂದು ಯಜಮಾನರು ಹೇಳಬಹುದು. ಅಮೆರಿಕದ ನಾಯಿ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ತಿಂಡಿ ಕದ್ದ ನಾಯಿಯೂ ಕದಿಯದ ನಾಯಿಯೂ ಸಾಕಿದವರು ಗದರಿದಾಗ ಒಂದೇ ತರ ಮುಖ ಮಾಡಿದವು. ಅದು ತಪ್ಪೊಪ್ಪಿಗೆ ಎಂದು ನಾವು ತಿಳಿಯುವುದು. ನಾಯಿ ಕೇಳುತ್ತಿರುವುದು ಇಷ್ಟೇ: ಹೊಡೆಯಬೇಡಿ.

ಹಾಗಾಗಿ ಹಳೆಯ ಕರೆಯನ್ನು ಬಿಟ್ಟುಬಿಡಿ, ಅದು ಕೆಟ್ಟಿದೆ. ಹೊಸದೊಂದು ಶಬ್ದ ಆರಿಸಿಕೊಳ್ಳಿ. ಮಗ ಬಂದಾಗ ಇಂಗ್ಲಿಷಿನಲ್ಲಿ, ಯಜಮಾನರು ಕೊಡವ ತಕ್ಕಿನಲ್ಲಿ, ಕೆಲಸದವರು ಕನ್ನಡದಲ್ಲಿ ಕರೆದರೆ ನಾಯಿ ಯಾರ ಮಾತು ಕೇಳಬೇಕು? ಮನೆಮಂದಿಗೆಲ್ಲ ಒಂದೇ ಶಬ್ದ. ಮೊದಲ ವಾರ ಅಡುಗೆಮನೆಯೊಳಗೆ ಎರಡು ಹೆಜ್ಜೆ ದೂರದಿಂದ, ಆಮೇಲೆ ಕಣದಲ್ಲಿ ಉದ್ದ ಹಗ್ಗ ಕಟ್ಟಿಕೊಂಡು. ಬಂದಾಗಲೆಲ್ಲ ಚೂರು. ಆ ಶಬ್ದದಿಂದ ಕರೆದು ಸ್ನಾನ ಮಾಡಿಸಬೇಡಿ, ಮಾತ್ರೆ ನುಂಗಿಸಬೇಡಿ, ಚೈನು ಹಾಕಬೇಡಿ. ಆ ಕೆಲಸಗಳಿಗೆ ನೀವೇ ಎದ್ದು ಅವನ ಬಳಿ ಹೋಗಿ. ಯಜಮಾನರ ಕೈಯಿಂದ ದಿನಕ್ಕೆ ಹತ್ತು ಚೂರಾದರೂ ಹೋಗಲಿ. ಏಟು ಕೊಟ್ಟ ಕೈಯೇ ಅದನ್ನು ಮರೆಸಬೇಕು.

ಹಗಲು ಕಟ್ಟಿ ರಾತ್ರಿ ಬಿಡುವ ಯೋಚನೆಗೆ ನನ್ನ ಒಪ್ಪಿಗೆ ಇಲ್ಲವೇ ಇಲ್ಲ. ಕಟ್ಟಿಹಾಕಿದ ನಾಯಿಗೆ ಓಡಿಹೋಗುವ ದಾರಿಯಿಲ್ಲ. ಹೆದರಿದಾಗ ಉಳಿದಿರುವುದು ಹಲ್ಲು ಮಾತ್ರ, ಅದಕ್ಕೆ ಮೊದಲು ಸಿಗುವುದು ಮಕ್ಕಳ ಕೈ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸದಾ ಕಟ್ಟಿಹಾಕಿರುವ ನಾಯಿಗೆ ಓಡಾಟ ಕೊಡದಿರುವುದು ಅಪರಾಧ. ರಾತ್ರಿಯದು ಇನ್ನೂ ಕೆಟ್ಟದು. ತೋಟದ ನಾಯಿ ಎಂದರೆ ಚಿರತೆಗೆ ಸುಲಭದ ಊಟ. ಆನೆ ವಿಷಯ ನಿಮಗೆ ನಾನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ: ನಾಯಿ ಕತ್ತಲಲ್ಲಿ ಆನೆಯ ಹತ್ತಿರ ಹೋಗಿ ಬೊಗಳಿ ಕೆಣಕುತ್ತದೆ, ಆನೆ ಅಟ್ಟಿಸಿಕೊಂಡರೆ ನೇರ ಯಜಮಾನರ ಕಾಲಿನ ಬಳಿಗೇ ಓಡಿಬರುತ್ತದೆ, ಹಿಂದೆಯೇ ಆನೆ. ಬ್ರೂನೋ ಕಾವಲಿಗೆ ಬೇಕೆಂದರೆ ರಾತ್ರಿ ಜಗಲಿಯ ಗ್ರಿಲ್ಲಿನ ಒಳಗೆ ಮಲಗಲಿ. ಬೊಗಳಿ ಎಬ್ಬಿಸುವುದು ಅಲ್ಲಿಂದಲೂ ಆಗುತ್ತದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹಗ್ಗ ಹಿಡಿದು ತೋಟದಲ್ಲಿ ನಡೆಸಿ. ಹೆಜ್ಜೆಹೆಜ್ಜೆಗೂ ನಿಂತು ಮೂಸಲು ಬಿಡಿ, ನಾಯಿಗೆ ಅದೇ ಪೇಪರ್ ಓದಿದ ಹಾಗೆ. ಕೊರಳ ಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರು ಬರೆಸಿಬಿಡಿ, ಇವತ್ತೇ.

ಉಣ್ಣಿಯನ್ನು ಬರಿಗೈಯಲ್ಲಿ ಹಿಸುಕುವುದು, ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಬೆರಳ ಸಂದು, ಕಿವಿಯೊಳಗೆ, ಬಾಲದ ಬುಡದಲ್ಲಿ ಹುಡುಕಿ. ಇನ್ನು ಎರಡು ಮೂರು ವಾರ ಅವನ ಮೇಲೆ ಕಣ್ಣಿಡಿ: ಊಟ ಬಿಟ್ಟು ಮಂಕಾಗಿದ್ದರೆ, ವಸಡು ಬಿಳಿಚಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಉಣ್ಣಿ ಜ್ವರವಿರಬಹುದು. ಅದೇ ದಿನ ಆಸ್ಪತ್ರೆಗೆ, ಮರುದಿನಕ್ಕೆ ಕಾಯಬೇಡಿ. ಜೋತುಬಿದ್ದ ಕಿವಿಯ ನಾಯಿಗೆ ನಮ್ಮ ಮಳೆಗಾಲ ದೊಡ್ಡ ಶತ್ರು. ವಾರಕ್ಕೊಮ್ಮೆ ಕಿವಿ ಎತ್ತಿ ಮೂಸಿ ನೋಡಿ, ಹುಳಿ ವಾಸನೆ ಬಂದರೆ ಒಳಗೆ ಸೋಂಕಿದೆ.

ಊಟಕ್ಕೆ ಅನ್ನ, ಮೊಟ್ಟೆ, ಬೇಯಿಸಿದ ಮಾಂಸ, ಕುಂಬಳಕಾಯಿ ಏನಾದರೂ ನಡೆಯುತ್ತದೆ. ಹಂದಿಮಾಂಸದ ಪಂದಿಕರಿ ಮಾತ್ರ ನಿಮ್ಮ ಪಾಲಿಗೇ ಇರಲಿ. ಅದರ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಆಗದು, ಕೊಬ್ಬು ಮೇದೋಜೀರಕ ಗ್ರಂಥಿಯನ್ನು ಕೆಡಿಸುತ್ತದೆ, ಬೆಂದ ಮೂಳೆ ಚೂಪಾಗಿ ಸೀಳಿ ಕರುಳು ಚುಚ್ಚುತ್ತದೆ. ಹಬ್ಬಕ್ಕೆ ಬಂದ ನೆಂಟರು ಮಡಿಕೇರಿಯ ಹೋಂಮೇಡ್ ಚಾಕೊಲೇಟ್ ತರುತ್ತಾರೆ, ನಾಯಿ ಕಣ್ಣು ಮಿಟುಕಿಸಿತೆಂದು ಒಂದು ತುಂಡು ಎಸೆಯುತ್ತಾರೆ. ಚಾಕೊಲೇಟಿನ ಥಿಯೋಬ್ರೊಮಿನ್, ಕಾಫಿಯ ಕೆಫೀನ್ ಎರಡೂ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಕೊಯ್ಲು ಶುರುವಾದ ಮೇಲೆ ಹಣ್ಣು ಕಾಫಿಯ ಸಿಹಿ ಸಿಪ್ಪೆಗೆ ಆಸೆಪಟ್ಟು ಕಣದಲ್ಲಿ ಮೇಯುವ ನಾಯಿಗಳನ್ನು ನೋಡಿದ್ದೇನೆ, ಅಲ್ಲಿಯೂ ಒಂದು ಕಣ್ಣಿರಲಿ. ಆಫ್ರಿಕದ ಬಸವನಹುಳುವಿಗೆ ತವುಡು, ಬೆಲ್ಲ ಕಲಸಿ ವಿಷ ಇಡುವ ತೋಟವಾದರೆ ಆ ದಿನಗಳಲ್ಲಿ ಹಗ್ಗವಿಲ್ಲದೆ ಹೊರಗೆ ಬಿಡಲೇಬೇಡಿ, ಬೆಲ್ಲದ ವಾಸನೆ ನಾಯಿಗೂ ರುಚಿಯೇ. ಕೋವಿಗೆ ಮುಡಿಸಿದ ತೋಕ್ ಪೂವಿನ (ಅಗ್ನಿಶಿಖೆಯ) ಗೆಡ್ಡೆಯೂ ವಿಷ. ಅಂಗಳದಲ್ಲಿ ಬೆಳೆಸಿದ್ದರೆ ಅವನು ಅಗೆಯದಂತೆ ನೋಡಿಕೊಳ್ಳಿ.

ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಬಗ್ಗೆ ನೀವು ಬರೆದಿಲ್ಲ. ಎರಡು ರಾತ್ರಿ ಹೊರಗಿದ್ದ ನಾಯಿ ಬೇರೆ ನಾಯಿಗಳ ಜೊತೆ ಕಚ್ಚಾಡಿರಬಹುದು. ಮಗನಿಗೆ ಫೋನ್ ಮಾಡಿ ಕಾರ್ಡ್ ತರಿಸಿಕೊಂಡು, ಮೈಮೇಲೆ ಗಾಯ ಇದ್ದರೂ ಇಲ್ಲದಿದ್ದರೂ ಒಮ್ಮೆ ಪಶು ಆಸ್ಪತ್ರೆಗೆ ತೋರಿಸಿ. ಮರಿಗೆ ಮೂರು ತಿಂಗಳಾದಾಗ ಒಂದು, ಆಮೇಲೆ ಪ್ರತಿವರ್ಷ ಈ ಚುಚ್ಚುಮದ್ದು ಬೇಕು. ಇಲಿಜ್ವರದ ಮದ್ದೂ ಕೊಡಿಸಿ, ನೀರು ನಿಲ್ಲುವ ನಮ್ಮ ಊರಿಗೆ ಅದೂ ಬೇಕೇ ಬೇಕು. ಗಾಬರಿಯಲ್ಲಿ ಅವನು ಯಾರನ್ನಾದರೂ ಕಚ್ಚಿದರೆ, ಪರಚಿದರೂ ಸರಿಯೇ, ಸೋಪು ಹಚ್ಚಿ ನಲ್ಲಿ ನೀರಿನ ಕೆಳಗೆ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಆ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮದ್ದಿಲ್ಲ.

ಪುತ್ತರಿಯ ದಿನ ಸಂಜೆ ಬೆಳಕಿರುವಾಗಲೇ ಅವನನ್ನು ಚೆನ್ನಾಗಿ ನಡೆಸಿ, ಮೂತ್ರ ಮಾಡಿಸಿ ಒಳಗೆ ತನ್ನಿ. ಗದ್ದೆಗೆ ದೂರವಾದ ಒಳಕೋಣೆ ಇರಲಿ. ಕಿಟಕಿ ಹಾಕಿ, ಪರದೆ ಎಳೆಯಿರಿ, ರೇಡಿಯೋ ಹಚ್ಚಿ, ಮಂಚದ ಕೆಳಗೆ ಅವನ ಹಳೆಯ ಕಂಬಳಿ ಹಾಸಿ. ಗದ್ದೆಯಲ್ಲಿ ಭತ್ತದ ಕದಿರು ತೆಗೆದು ಪೊಲಿ ಪೊಲಿ ದೇವಾ ಎನ್ನುವ ಹೊತ್ತಿಗೆ ತೋಪು ಹಾರುತ್ತದೆ, ಆಮೇಲೆ ಊರೆಲ್ಲ ಪಟಾಕಿ. ಹೊರಬಾಗಿಲನ್ನು ಯಾರೂ ತೆರೆದಿಟ್ಟು ಹೋಗದಂತೆ ಮನೆಮಕ್ಕಳಿಗೆ ಮೊದಲೇ ಹೇಳಿಡಿ. ಅವನ ಜೊತೆ ಕೋಣೆಯೊಳಗೆ ಒಬ್ಬರು ಇರಲೇಬೇಕು. ಅತ್ತೆಯವರಿಗೆ ರಾತ್ರಿಯ ಮಂಜಿನಲ್ಲಿ ಗದ್ದೆಗೆ ಇಳಿಯುವುದು ಕಷ್ಟವೆಂದರೆ ಆ ಕೆಲಸವನ್ನು ಅವರಿಗೇ ಒಪ್ಪಿಸಿ, ಕೋಳಿ ಚೂರಿನ ಬಟ್ಟಲನ್ನೂ ಕೈಗೆ ಕೊಟ್ಟುಹೋಗಿ. ನೀವು ತೆನೆ ಹೊತ್ತು ವಾಪಸು ಬರುವಾಗ ಅವರು ಏನು ಮಾಡುತ್ತಿರುತ್ತಾರೆ ಎಂದು ಬಾಗಿಲ ಸಂದಿನಿಂದ ನೋಡಿ ನನಗೊಂದು ಕಾರ್ಡ್ ಹಾಕಿ.

ಸಂಪಾದಕ