ಮನೆಯಲ್ಲಿ ಹೇಳದೆ ಹೊರಟರೆ, ಕಷ್ಟಕ್ಕೆ ಯಾರಿಗೆ ಫೋನ್ ಮಾಡ್ತೀಯ?

ಈ ಹುಡುಗಿಯನ್ನು ಸಹನಾ ಎಂದು ಕರೆಯೋಣ. ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಬರೆಯಲು ಅವಳೂ ಅವಳ ತಂದೆ ತಾಯಿಯೂ ಒಪ್ಪಿದ್ದಾರೆ. ವಯಸ್ಸು 25. ತುಮಕೂರು ಕಡೆಯ ಒಂದು ಸಣ್ಣ ಊರಿನವಳು. ಅಪ್ಪನದು ಕೊಬ್ಬರಿ ವ್ಯಾಪಾರ. ಅವಳು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ.

ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದು ನಿದ್ದೆ ಬರ್ತಿಲ್ಲ ಅಂತ. ವಿಯೆಟ್ನಾಂಗೆ ಒಬ್ಬಳೇ ಹೋಗಲು ಟಿಕೆಟ್ ತೆಗೆದಿದ್ದಳು. ಹನೋಯ್, ಹ್ವೇ, ಹೊಯ್ ಆನ್, ಒಟ್ಟು ಒಂಬತ್ತು ದಿನ. ಟಿಕೆಟ್ ತೆಗೆದ ರಾತ್ರಿಯಿಂದಲೇ ಎದೆ ಢವಢವ. ಮಧ್ಯರಾತ್ರಿ ಎಚ್ಚರವಾದರೆ ಫೋನ್ ಹಿಡಿದು, ಒಬ್ಬಳೇ ಹೋದ ಹುಡುಗಿಗೆ ಹೀಗಾಯ್ತಂತೆ, ಹಾಗಾಯ್ತಂತೆ ಎನ್ನುವ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುವುದು. ಟಿಕೆಟ್ ರದ್ದು ಮಾಡೋಣ ಅಂದರೆ ಅದಕ್ಕೂ ಮನಸ್ಸಿಲ್ಲ. ಎರಡು ವರ್ಷ ದುಡ್ಡು ಕೂಡಿಟ್ಟಿದ್ದಾಳೆ.

“ಮನೆಯಲ್ಲಿ ಏನಂತಾರೆ?” ಅಂದೆ.

ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಆಫೀಸಿನ ಹುಡುಗೀರ ಜೊತೆ ಹೋಗ್ತಿದೀನಿ ಅಂತ ಹೇಳಿದೀನಿ ಮೇಡಂ. ಆರು ಜನ.”

ಆರು ಜನರಿಗೂ ಹೆಸರಿಟ್ಟಿದ್ದಳು. ಅಮ್ಮ ಅವರಲ್ಲೊಬ್ಬಳ ನಂಬರ್ ಕೇಳಿದ್ದರು. ಅದನ್ನು ತಪ್ಪಿಸಲು ಇನ್ನೊಂದು ಕತೆ. ಫೋನ್ ತೆಗೆದು ತೋರಿಸಿದಳು. ನೋಟ್ಸ್‌ನಲ್ಲಿ ಒಂದು ಪಟ್ಟಿ: ಅಮ್ಮನಿಗೆ ಹೇಳಿದ್ದು, ಅಕ್ಕನಿಗೆ ಹೇಳಿದ್ದು, ಚಿಕ್ಕಮ್ಮನಿಗೆ ಹೇಳಿದ್ದು. ಯಾರ ಹತ್ತಿರ ಯಾವ ಮಾತು ಅಂತ ಮರೆತುಹೋಗಬಾರದಲ್ಲ. ಆ ಪಟ್ಟಿ ಅವಳ ಪ್ರವಾಸದ ಪಟ್ಟಿಗಿಂತ ಉದ್ದವಿತ್ತು.

ನಾನು ಅವಳಿಗೆ ಒಂದು ಪ್ರಶ್ನೆ ಕೇಳಿದೆ. “ಹನೋಯ್‌ನಲ್ಲಿ ಪಾಸ್‌ಪೋರ್ಟ್ ಕಳೆದುಹೋಯ್ತು ಅಂತ ಇಟ್ಕೊ. ರಾತ್ರಿ ಹನ್ನೊಂದು ಗಂಟೆ. ಮೊದಲ ಫೋನ್ ಯಾರಿಗೆ ಮಾಡ್ತೀಯ?”

“ಅಪ್ಪಂಗೆ” ಅಂದಳು, ಯೋಚಿಸದೆ. ಮರುಕ್ಷಣ ಮುಖ ಸಣ್ಣದಾಯಿತು. ಅಪ್ಪನಿಗೆ ಫೋನ್ ಮಾಡಿದರೆ ಮೊದಲು ಆ ಆರು ಜನ ಎಲ್ಲಿ ಹೋದರು ಅಂತ ಹೇಳಬೇಕು. ತಲೆ ಕೆಟ್ಟಿರುವ ಹೊತ್ತಿನಲ್ಲಿ ಅದನ್ನು ವಿವರಿಸಿ, ಬೈಸಿಕೊಂಡು, ಆಮೇಲೆ ಸಹಾಯ ಕೇಳಬೇಕು. ಹಾಗಾಗಿ ಅವಳು ಫೋನೇ ಮಾಡುವುದಿಲ್ಲ. ಇದು ನನಗೆ ಎಲ್ಲಕ್ಕಿಂತ ದೊಡ್ಡ ಅಪಾಯವಾಗಿ ಕಂಡಿತು. ಸುಳ್ಳು ಹೇಳಬಾರದು ಎಂಬ ನೀತಿಪಾಠ ನಾನು ಮಾಡಲಿಲ್ಲ. ನಿನ್ನ ಬೆನ್ನಿಗಿರುವವರನ್ನು ನೀನೇ ದೂರ ಮಾಡಿಕೊಂಡು ಹೊರಟಿದ್ದೀಯ, ನಿದ್ದೆ ಕೆಡಲು ಅರ್ಧ ಕಾರಣ ಅದೇ ಇರಬಹುದು ಅಂದೆ. ಅತ್ತಳು. ಹಗುರವಾಗುವವರೆಗೆ ಅಳಲಿ ಅಂತ ಬಿಟ್ಟೆ.

ಕಾನೂನಿನ ಮಾತು ಸಣ್ಣದು, ಅದನ್ನೂ ಹೇಳಿದೆ. 18 ತುಂಬಿದವರ ಪಾಸ್‌ಪೋರ್ಟ್‌ಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕಿಲ್ಲ. ವಿದೇಶಕ್ಕೆ ಹೋಗುವುದು ವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂದರೆ ಸಹನಾ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಆದರೆ ಅವಳಿಗೆ ಬೇಕಿದ್ದದ್ದು ಅನುಮತಿಯಲ್ಲ, ಜೊತೆ. ಮನೆಯವರಿಗೆ ತಿಳಿಸುವುದೂ ಅವರ ಅಪ್ಪಣೆ ಕೇಳುವುದೂ ಬೇರೆ ಬೇರೆ. ಇದನ್ನು ಒಪ್ಪಿಕೊಂಡ ಮೇಲೆ ಅವಳ ಮಾತಿನ ಧಾಟಿಯೇ ಬದಲಾಯಿತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ಮನೆಗೂ ಈ ಸಲಹೆ ಹೊಂದುವುದಿಲ್ಲ. ಹೊಡೆಯುವ, ಕೂಡಿಹಾಕುವ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಮನೆಗಳಿವೆ. ಅಂಥ ಮನೆಯ ಹುಡುಗಿಗೆ ನಾನು ಮನೆಯಲ್ಲಿ ಹೇಳು ಅನ್ನುವುದಿಲ್ಲ. ಆದರೆ ಊರಲ್ಲಿ ನಂಬಿಕೆಯ ಒಬ್ಬರಿಗಾದರೂ, ಅತ್ತೆಯೋ ಗೆಳತಿಯೋ ಯಾರಾದರೂ ಸರಿ, ಪೂರ್ತಿ ನಿಜ ಗೊತ್ತಿರಲೇಬೇಕು ಅನ್ನುತ್ತೇನೆ.

ಮುಂದಿನ ಸಲ ಬಂದಾಗ ಅವಳ ಭಯಗಳನ್ನೆಲ್ಲ ಕಾಗದಕ್ಕೆ ಇಳಿಸಿದೆವು. ರಾತ್ರಿ ಇಳಿದರೆ ಟ್ಯಾಕ್ಸಿಯವನು ಎಲ್ಲಿಗೋ ಕರೆದುಕೊಂಡು ಹೋದರೆ? ಇಮಿಗ್ರೇಶನ್‌ನಲ್ಲಿ ತಡೆದರೆ? ದುಡ್ಡು ಕಳೆದರೆ? ಮುಟ್ಟಾಗಿ ಹೊಟ್ಟೆನೋವು ಬಂದರೆ? ಯಾರಾದರೂ ಹಿಂದೆ ಬಿದ್ದರೆ? ಇವುಗಳ ನಡುವೆ ಒಂದು ಸಾಲು: ‘ಒಬ್ಬಳೇ ಫಾರಿನ್‌ಗೆ ಹೋಗಿ ಬಂದವಳು ಅಂತ ಗೊತ್ತಾದ್ರೆ ಗಂಡಿನ ಕಡೆಯವರು ಏನಂತಾರೆ.’

ಅದೊಂದನ್ನು ಪಕ್ಕಕ್ಕಿಟ್ಟೆ. ಉಳಿದ ಎಲ್ಲದಕ್ಕೂ ಕೈಯಲ್ಲಿ ಮಾಡುವ ಕೆಲಸವಿದೆ, ಇದಕ್ಕಿಲ್ಲ. ಜನ ಏನಂತಾರೆ ಎಂಬ ಭಯ, ಸುರಕ್ಷತೆಯ ಭಯದ ವೇಷದಲ್ಲಿ ಬರುವುದು ಜಾಸ್ತಿ. ಎರಡನ್ನೂ ಬೆರೆಸಿಬಿಟ್ಟರೆ ಯಾವುದಕ್ಕೂ ಮದ್ದು ಸಿಗುವುದಿಲ್ಲ.

ಮಧ್ಯರಾತ್ರಿಯ ವಿಡಿಯೊ ನಿಲ್ಲಿಸಿದೆವು. ಚಿಂತೆ ಮಾಡಲೇಬೇಡ ಅಂದರೆ ಆಗುತ್ತದೆಯೇ? ಅದಕ್ಕೇ ಸಂಜೆ ಆರೂವರೆಯಿಂದ ಅರ್ಧ ಗಂಟೆ ಚಿಂತೆಗೆಂದೇ ಇಡು ಅಂದೆ. ಪೆನ್ನು ಹಿಡಿದು ಕೂತು, ಆ ದಿನದ ಭಯ ಬರೆದು, ಪಕ್ಕದಲ್ಲಿ ನಾಳೆ ಮಾಡಬಹುದಾದ ಒಂದು ಕೆಲಸ ಬರೆಯುವುದು. ರಾತ್ರಿ ಅದೇ ಭಯ ಎದ್ದರೆ, ನಿನ್ನ ಸರದಿ ನಾಳೆ ಆರೂವರೆಗೆ ಅಂತ ಮುಂದೂಡುವುದು. ಎದೆ ಬಡಿದುಕೊಂಡಾಗ ಉಸಿರನ್ನು ಒಳಗೆಳೆದುಕೊಳ್ಳುವುದಕ್ಕಿಂತ ನಿಧಾನವಾಗಿ, ಉದ್ದವಾಗಿ ಹೊರಗೆ ಬಿಡುವುದು. ಎರಡು ವಾರದಲ್ಲಿ ನಿದ್ದೆ ಸುಧಾರಿಸಿತು. ಸುಧಾರಿಸದೇ ಇದ್ದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಈ ಥರ ನಿದ್ದೆಗೆಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಧೈರ್ಯ ಮಾತಿನಿಂದ ಬರುವುದಿಲ್ಲ, ಮಾಡಿ ನೋಡಬೇಕು. ಸಹನಾ ಹೋಟೆಲಿನಲ್ಲಿ ಒಬ್ಬಳೇ ಕೂತು ಊಟ ಮಾಡಿದವಳೇ ಅಲ್ಲ. ಪಾರ್ಸೆಲ್ ತಂದು ರೂಮಿನಲ್ಲಿ ತಿನ್ನುತ್ತಿದ್ದಳು. ಮೊದಲು ಅದು. ಫೋನ್ ಬ್ಯಾಗಿನಲ್ಲಿಟ್ಟು, ಫ್ಯಾಮಿಲಿ ರೂಮಿನಲ್ಲಿ ಕೂತು, ಪೂರ್ತಿ ಊಟ. ಆಮೇಲೆ ಮೈಸೂರಿನಲ್ಲಿ ಒಂದು ರಾತ್ರಿ. ಆಮೇಲೆ ರಾತ್ರಿ ಬಸ್ಸಿನಲ್ಲಿ ಹೊಸಪೇಟೆ, ಅಲ್ಲಿಂದ ಹಂಪಿ, ಎರಡು ದಿನ. ಹಂಪಿಯಲ್ಲಿ ಒಬ್ಬ ಆಟೊದವನು ಹೇಳಿದ್ದಕ್ಕಿಂತ ಜಾಸ್ತಿ ಕೇಳಿ ದಬಾಯಿಸಿದನಂತೆ. ಅವಳು ಪಕ್ಕದ ಎಳನೀರಿನ ಅಂಗಡಿಯ ಹೆಂಗಸಿನ ಹತ್ತಿರ ಹೋಗಿ ನಿಂತು, ಜೋರಾಗಿ ಮಾತಾಡಿ, ಒಪ್ಪಿದ ದುಡ್ಡನ್ನಷ್ಟೇ ಕೊಟ್ಟು ಬಂದಳು. ಹೆಂಗಸರಿರುವ ಅಂಗಡಿಗೆ ಹೋಗು, ದನಿ ಎತ್ತು ಎಂದು ನಾನೂ ಹೇಳುತ್ತಿದ್ದೆ. ಅವಳು ತಾನೇ ಮಾಡಿ ಕಲಿತಳು, ಅದು ಹೆಚ್ಚು ಗಟ್ಟಿ.

ಇನ್ನು ತಯಾರಿ. ಇದರಲ್ಲಿ ಹೆಸರಿನ ವಿಷಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ನಮ್ಮ ಕಡೆ ಎಷ್ಟೋ ಜನರಿಗೆ ಸರ್‌ನೇಮ್ ಇಲ್ಲ, ಇನಿಶಿಯಲ್ ಅಷ್ಟೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬಂದು ಕೂತಿರುತ್ತದೆ. ಸಹನಾ ಟಿಕೆಟ್ ತೆಗೆದಿದ್ದು ಇನಿಶಿಯಲ್ ಹಾಕಿ, ಪಾಸ್‌ಪೋರ್ಟಿನಲ್ಲಿದ್ದದ್ದು ಪೂರ್ತಿ ಹೆಸರು. ವಿಮಾನ ಕಂಪನಿಗೆ ಫೋನ್ ಮಾಡಿ ಸರಿ ಮಾಡಿಸಿದಳು. ಪಾಸ್‌ಪೋರ್ಟಿನಲ್ಲಿ ಅಕ್ಷರ ಹೇಗಿದೆಯೋ ಹಾಗೇ ಟಿಕೆಟ್, ವೀಸಾ, ವಿಮೆ ಎಲ್ಲದರಲ್ಲೂ ಇರಬೇಕು. ಸರ್‌ನೇಮ್ ಜಾಗ ಖಾಲಿ ಇದ್ದವರು ಟಿಕೆಟ್ ತೆಗೆಯುವ ಮೊದಲೇ ಕಂಪನಿಯನ್ನು ಕೇಳುವುದು ಒಳ್ಳೆಯದು.

ವಿಯೆಟ್ನಾಂ 2023ರ ಆಗಸ್ಟ್‌ನಿಂದ 90 ದಿನದವರೆಗಿನ ಇ-ವೀಸಾ ಕೊಡುತ್ತಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಸರ್ಕಾರದ ತಾಣವನ್ನೇ ಹೋಲುವ ದಲ್ಲಾಳಿಗಳ ತಾಣಗಳು ಇದಕ್ಕಿಂತ ಎಷ್ಟೋ ಜಾಸ್ತಿ ಕೇಳುತ್ತವೆ, ವಿಳಾಸ ನೋಡಿಕೊಂಡು ಒಳಗೆ ಹೋಗಬೇಕು. ವಿಮಾನ ಹಗಲಲ್ಲೇ ಇಳಿಯುವಂತೆ ಬದಲಿಸಿಕೊಂಡಳು. ಸ್ವಲ್ಪ ದುಡ್ಡು ಹೋಯಿತು, ಅದು ಸಾರ್ಥಕ ಖರ್ಚು. ಮೊದಲೆರಡು ರಾತ್ರಿಯ ರೂಮು ಊರಿನ ನಡುವೆ, ರಿಸೆಪ್ಷನ್‌ನಲ್ಲಿ ಇಡೀ ರಾತ್ರಿ ಜನ ಇರುವ ಕಡೆ. ಟ್ಯಾಕ್ಸಿಗೆ ಅಲ್ಲಿ ಗ್ರ್ಯಾಬ್ ಆ್ಯಪ್ ಇದೆ, ಬಾಡಿಗೆಯೂ ಗಾಡಿ ನಂಬರೂ ಮೊದಲೇ ಕಾಣುತ್ತದೆ. ಸ್ಕೂಟರ್ ಬಾಡಿಗೆಗೆ ಬೇಡ ಅಂದೆ. ನಮ್ಮ ಡಿಎಲ್ ಅಲ್ಲಿ ನಡೆಯುವುದಿಲ್ಲ, ಬಿದ್ದರೆ ವಿಮೆಯೂ ಕೈಕೊಡುತ್ತದೆ.

ದುಡ್ಡಿನ ಲೆಕ್ಕ ನಾವು ಕೂತು ಅಭ್ಯಾಸ ಮಾಡಿದೆವು. ವಿಯೆಟ್ನಾಂ ಡಾಂಗ್‌ನಲ್ಲಿ ಸೊನ್ನೆಗಳು ಹೆಚ್ಚು. 20,000ದ ನೋಟೂ 5,00,000ದ ನೋಟೂ ಎರಡೂ ನೀಲಿ ಬಣ್ಣದ ಹತ್ತಿರ. ಮೊದಲನೆಯದು ಸುಮಾರು 70 ರೂಪಾಯಿ, ಎರಡನೆಯದು 1,600ಕ್ಕೂ ಮೇಲೆ. ಗಡಿಬಿಡಿಯಲ್ಲಿ ಒಂದಕ್ಕೆ ಇನ್ನೊಂದು ಕೊಟ್ಟರೆ ಗೊತ್ತೇ ಆಗುವುದಿಲ್ಲ. ಎರಡನ್ನೂ ಬೇರೆ ಬೇರೆ ಜೇಬಿನಲ್ಲಿಡುವುದು ಎಂದು ತೀರ್ಮಾನವಾಯಿತು. ನಮ್ಮ ಹೊಸ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶದ ಬಳಕೆ ಮೊದಲಿಗೆ ಬಂದ್ ಇರುತ್ತದೆ, ಇಲ್ಲಿಂದಲೇ ಆನ್ ಮಾಡಿಕೊಳ್ಳಬೇಕು. ಒಟಿಪಿ ಬರುವ ನಂಬರಿಗೆ ರೋಮಿಂಗ್ ಇರಬೇಕು. ಇದನ್ನು ಮರೆತು ಅಲ್ಲಿ ಪರದಾಡುವವರು ತುಂಬ ಜನ.

ಮುಟ್ಟಿನ ಪ್ಯಾಡು, ನೋವಿನ ಮಾತ್ರೆ, ಡಾಕ್ಟರ ಚೀಟಿ ಎಲ್ಲ ಕೈಚೀಲದಲ್ಲಿ. ಪವರ್ ಬ್ಯಾಂಕ್ ಕೂಡ, ಅದನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಲು ಬಿಡುವುದಿಲ್ಲ. ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿನ ಪೊಲೀಸರಲ್ಲಿ ದೂರು, ಅಲ್ಲಿಯ ನಂಬರ್ 113. ಆಮೇಲೆ ಹನೋಯ್‌ನ ಭಾರತೀಯ ರಾಯಭಾರ ಕಚೇರಿ. ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಆಂಬುಲೆನ್ಸ್‌ಗೆ 115. ಇಷ್ಟನ್ನೂ ಕಾಗದದಲ್ಲಿ ಬರೆದು ಇಟ್ಟುಕೊಂಡಳು, ಫೋನ್ ಹೋದರೂ ಕೈಯಲ್ಲಿರಲಿ ಅಂತ.

ಕೊನೆಗೆ ಅಪ್ಪ ಅಮ್ಮ ಬಂದರು. ಹಿಂದಿನ ಭಾನುವಾರ ಊರಿಗೆ ಹೋಗಿ ಸಹನಾ ಎಲ್ಲ ಹೇಳಿದ್ದಳು. ಅಪ್ಪ ಎರಡು ದಿನ ಮಾತು ಬಿಟ್ಟಿದ್ದರು. ನನ್ನ ಎದುರು ಕೂತಾಗಲೂ ಮಗಳ ಕಡೆ ನೋಡಲಿಲ್ಲ.

“ನೋಡಿ ಮೇಡಂ, ನಾನು ಬೇಡ ಅಂತಿರಲಿಲ್ಲ. ನನ್ನನ್ನ ಕೇಳಲೇ ಇಲ್ವಲ್ಲ, ಅದು.”

“ಕೇಳಿದ್ರೆ ಬೇಡ ಅಂತಾನೇ ಅಂತಿದ್ರಿ” ಅಂದರು ಅಮ್ಮ, ತಕ್ಷಣ. ಅವರು ಮಗಳ ಪರ ಮಾತಾಡಿದ್ದು ಅದೊಂದೇ ಸಲ. ಆಮೇಲೆ ಅವರದೇ ಭಯ ಶುರುವಾಯಿತು. ಊಟ ಏನು ಮಾಡ್ತಾಳೆ, ಅಲ್ಲಿ ಎಲ್ಲದಕ್ಕೂ ಮೀನಿನ ಸಾಸ್ ಹಾಕ್ತಾರಂತೆ. ಸಹನಾ ಅದನ್ನು ಓದಿಕೊಂಡಿದ್ದಳು. ಅಲ್ಲೂ ಹುಣ್ಣಿಮೆಗೂ ಚಾಂದ್ರಮಾನ ತಿಂಗಳ ಮೊದಲ ದಿನಕ್ಕೂ ಸಸ್ಯಾಹಾರ ಮಾಡುವ ಬೌದ್ಧರಿದ್ದಾರೆ, ಅದಕ್ಕೆಂದೇ ಬೇರೆ ಹೋಟೆಲುಗಳಿವೆ. ಹೊಯ್ ಆನ್ ಹತ್ತಿರದ ಮಿ ಸೋನ್‌ನಲ್ಲಿ ಚಂಪಾ ರಾಜರ ಕಾಲದ ಶಿವನ ಗುಡಿಗಳಿವೆ, 2020ರಲ್ಲಿ ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ಕೆಲಸ ಮಾಡುವಾಗ ಒಂಬತ್ತನೇ ಶತಮಾನದ ಲಿಂಗವೊಂದು ಸಿಕ್ಕಿತು ಅಂತ ಅವಳೇ ಹೇಳಿದಳು. ಅಪ್ಪ ಮೊದಲ ಸಲ ಅವಳ ಕಡೆ ತಿರುಗಿ, “ಅಷ್ಟು ದೂರದಲ್ಲಾ?” ಅಂದರು. ಅಷ್ಟಕ್ಕೇ ಒಪ್ಪಿಬಿಟ್ಟರು ಅಂತಲ್ಲ. ಮಾತು ಶುರುವಾಯಿತು.

ಒಬ್ಬಳೇ ಯಾಕೆ ಅನ್ನುವುದೇ ಅವರ ದೊಡ್ಡ ಪ್ರಶ್ನೆ. ಸಹನಾ ಹೇಳಿದ ಉತ್ತರ ನನಗೆ ಇಷ್ಟವಾಯಿತು. “ಪಿಜಿ, ಆಫೀಸು, ಊರು, ಎಲ್ಲ ಕಡೆ ಯಾರಾದ್ರೂ ಇರ್ತಾರೆ ಅಪ್ಪ. ನಾನೇ ಎಲ್ಲ ನಿಭಾಯಿಸಬಲ್ಲೆನಾ ಅಂತ ಒಂದ್ಸಲ ನೋಡ್ಬೇಕು. ಮದುವೆ ಆದ್ಮೇಲೆ ಇದು ಆಗಲ್ಲ.”

ಮನೆಯವರಿಗೆ ನಾನು ಕೊಟ್ಟ ಸಲಹೆ ಒಂದೇ: ಗಂಟೆಗೊಮ್ಮೆ ಫೋನ್ ಮಾಡಬೇಡಿ. ಅವಳು ರಸ್ತೆಯಲ್ಲಿ ಫೋನ್ ಹಿಡಿದು ನಿಂತರೆ ಅದೇ ಅಪಾಯ, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವವರಿದ್ದಾರೆ. ದಿನಕ್ಕೊಂದು ಕರೆ, ನಮ್ಮ ರಾತ್ರಿ ಎಂಟಕ್ಕೆ. ಅಲ್ಲಿ ಆಗ ಒಂಬತ್ತೂವರೆ. ಕರೆ ತಪ್ಪಿದರೆ ಒಂದು ಗಂಟೆ ಕಾಯಿರಿ. ಆಮೇಲೆ ಹೋಟೆಲಿನ ನಂಬರಿಗೆ ಮಾಡಿ. ಅಲ್ಲೂ ಸುಳಿವಿಲ್ಲದಿದ್ದರೆ ರಾಯಭಾರ ಕಚೇರಿಯ ತುರ್ತು ನಂಬರ್. ಹೋಟೆಲಿನ ವಿಳಾಸ, ವಿಮಾನದ ನಂಬರ್, ಪಾಸ್‌ಪೋರ್ಟ್ ನಕಲು ಅಕ್ಕನ ಹತ್ತಿರ ಇರುತ್ತದೆ. ಇನ್ನೊಂದು ಮಾತು ಅಪ್ಪನಿಗೆ ಹೇಳಿದೆ: ಏನಾದರೂ ಎಡವಟ್ಟಾಗಿ ಅವಳು ಫೋನ್ ಮಾಡಿದರೆ, ಮೊದಲು ಸಹಾಯ. ನಾನು ಮೊದಲೇ ಹೇಳಿದ್ದೆ ಅನ್ನುವ ಮಾತು ಅವಳು ಮನೆಗೆ ಬಂದ ಮೇಲೂ ಬೇಡ. ಅವರು ಯೋಚಿಸಿ ತಲೆಯಾಡಿಸಿದರು.

ಸಹನಾ ಹೋಗಿ ಬಂದಳು. ಹ್ವೇಯಲ್ಲಿ ಒಂದು ಸಂಜೆ ಮಳೆಗೆ ನೆನೆದು ಫೋನ್ ಕೆಟ್ಟು ಎಂಟರ ಕರೆ ತಪ್ಪಿತಂತೆ. ಒಂಬತ್ತಕ್ಕೆ ಅಪ್ಪ ಹೋಟೆಲಿಗೆ ಮಾಡಿದರು. ಅಕ್ಕ ಪಕ್ಕದಲ್ಲಿ ಕೂತು ಇಂಗ್ಲಿಷ್‌ನಲ್ಲಿ ಮಾತಾಡಿದಳು. ರಿಸೆಪ್ಷನ್‌ನ ಹುಡುಗಿ ಹೋಗಿ ಬಾಗಿಲು ತಟ್ಟಿ ಇವಳನ್ನು ಕರೆದಳು. ಯಾರೂ ಬೈಯಲಿಲ್ಲ. ಪಕ್ಕಕ್ಕಿಟ್ಟಿದ್ದ ಆ ಸಾಲು, ಗಂಡಿನ ಕಡೆಯವರ ವಿಷಯ, ಹಾಗೇ ಉಳಿದಿದೆ. ಮುಂದಿನ ತಿಂಗಳು ಅದಕ್ಕೆಂದೇ ತಾಯಿ ಮಗಳು ಇಬ್ಬರೂ ಬರುತ್ತಿದ್ದಾರೆ.